ಸೀಲಿಲ್ಲದ ಸ್ಕ್ರೂ

ಹಳೆಯ ಲಾರಿಗಳ ಡೀಸೆಲ್ ಪಂಪನ್ನು ಹತ್ತಿರದಿಂದ ನೋಡಿದವರ ಕಣ್ಣಿಗೆ ಬಿದ್ದಿರುತ್ತದೆ: ಗೌರ್ನರ್ ಇರುವ ಹಿಂಭಾಗದಲ್ಲಿ ಕೆಲವು ಸ್ಕ್ರೂಗಳಿಗೆ ತಂತಿ ಪೋಣಿಸಿ ಸೀಸದ ಸೀಲು ಒತ್ತಿರುತ್ತಾರೆ. ಇಂಜಿನ್ನು ಎಷ್ಟು ವೇಗದವರೆಗೆ ಓಡಬಹುದು, ಪ್ರತಿ ಹೊಡೆತಕ್ಕೆ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬಹುದು ಎಂದು ತೀರ್ಮಾನಿಸುವ ಸ್ಕ್ರೂಗಳು ಅವು. ಅಲ್ಲೇ ಪಕ್ಕದಲ್ಲಿ ಐಡ್ಲಿಂಗ್ ಸ್ಕ್ರೂ. ನಮ್ಮಲ್ಲಿಗೆ ಬರುತ್ತಿದ್ದ ಪಂಪುಗಳಲ್ಲಿ ಅದಕ್ಕೆ ಸೀಲು ಇರುತ್ತಿರಲಿಲ್ಲ. ಕದ್ದು ತಿರುಗಿಸುವಂಥದ್ದು ಅದರಲ್ಲಿ ಏನೂ ಇಲ್ಲವಲ್ಲ! ಸೀಲಿದ್ದ ಸ್ಕ್ರೂಗಳಿಗೋ, ಡ್ರೈವರು, ಕ್ಲೀನರು, ಮಾಲೀಕ, ಮಾಲೀಕನ ಭಾವಮೈದ ಎಲ್ಲರ ಕೈಯೂ ತುರಿಸುತ್ತಿತ್ತು.

ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡ್ ಮುಗಿಸಿ, ಎಂಬತ್ತರ ದಶಕದ ಮೊದಲಲ್ಲಿ ನಾನು ಹಾಸನದ ಒಂದು ಪಂಪ್ ರೂಮಿಗೆ ಸೇರಿದೆ. ಗ್ಯಾರೇಜಿಗೂ ಪಂಪ್ ರೂಮಿಗೂ ಬಹಳ ವ್ಯತ್ಯಾಸ. ಹೊರಗೆ ಗ್ರೀಸು, ಮಸಿ, ಸುತ್ತಿಗೆ ಸದ್ದು. ಒಳಗೆ ಗಾಜಿನ ಬಾಗಿಲು, ಚಪ್ಪಲಿ ಹೊರಗೇ ಬಿಡಬೇಕು, ಕಾಟನ್ ವೇಸ್ಟ್ ಒಳಗೆ ತಂದರೆ ಬೈಗುಳ. ಪಂಪಿನ ಎಲಿಮೆಂಟು ಅಂದರೆ ಪ್ಲಂಜರ್ ಮತ್ತು ಬ್ಯಾರೆಲ್. ಅವೆರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ಬಟ್ಟೆಯ ಒಂದು ನೂಲೆಳೆ ಅಲ್ಲಿ ಸಿಕ್ಕಿಕೊಂಡರೆ ಪ್ಲಂಜರ್ ಹಿಡಿದುಕೊಂಡುಬಿಡುತ್ತದೆ. ಒಂದು ಬ್ಯಾರೆಲ್ಲಿನ ಪ್ಲಂಜರ್ ಇನ್ನೊಂದಕ್ಕೆ ಹಾಕುವ ಹಾಗಿಲ್ಲ, ಜೋಡಿ ಬದಲಾದರೆ ಎರಡೂ ಕಸ. ನಾನು ಸೇರಿದ ಮೇಲೆ ಬಹಳ ದಿನ ಮಾಡಿದ್ದು ಇದೊಂದೇ ಕೆಲಸ: ಬಿಚ್ಚಿದ ಜೋಡಿಗಳನ್ನು ಡೀಸೆಲ್‌ನಲ್ಲಿ ತೊಳೆದು, ತಟ್ಟೆಯ ಗುಣಿಗಳಲ್ಲಿ ವರಸೆ ತಪ್ಪದಂತೆ ಇಡುವುದು.

ನಮ್ಮ ಮೇಸ್ತ್ರಿ ಓದಿದ್ದು ಮಿಡ್ಲಿಸ್ಕೂಲಿನವರೆಗೆ. ಆದರೆ ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಟೆಸ್ಟ್ ಪ್ಲಾನ್ ಹಾಳೆಗಳನ್ನು ಪಂಚಾಂಗ ನೋಡುವಷ್ಟು ಸಲೀಸಾಗಿ ಓದುತ್ತಿದ್ದರು. ಸ್ಟಟ್‌ಗಾರ್ಟಿನ ಬಾಷ್ ಕಂಪನಿ ಈ ಸಾಲು ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿದ್ದು 1927ರಲ್ಲಿ. ಬಾಷ್ ಜೊತೆಗಾರಿಕೆಯಲ್ಲಿ ಇಲ್ಲಿ ಮೈಕೋ ಹುಟ್ಟಿದ್ದು 1951ರಲ್ಲಿ. 2008ರಲ್ಲಿ ಅದರ ಹೆಸರೇ ಬಾಷ್ ಎಂದಾದರೂ ನಮ್ಮ ಕಡೆ ಲಾರಿಯವರ ಬಾಯಲ್ಲಿ ಇವತ್ತಿಗೂ ಅದು ಮೈಕೋ ಪಂಪೇ.

ಬೆಂಚಿನ ಕೆಲಸ ನೋಡಲು ಚೆಂದ. ಪಂಪನ್ನು ಇಂಜಿನ್ನಿನಿಂದ ಬಿಚ್ಚಿ ತಂದು ಮೋಟರಿಗೆ ಜೋಡಿಸುತ್ತೇವೆ. ಆರು ಪೈಪುಗಳ ತುದಿಯಲ್ಲಿ ಆರು ನಾಝಲ್, ಕೆಳಗೆ ಗೆರೆ ಹಾಕಿದ ಆರು ಗಾಜಿನ ಕೊಳವೆ. ನಾಲ್ಕು ಸ್ಟ್ರೋಕಿನ ಇಂಜಿನ್ನಾದ್ದರಿಂದ ಪಂಪಿನ ವೇಗ ಇಂಜಿನ್ನಿನ ಅರ್ಧ. ಇಂಜಿನ್ನು ನಿಮಿಷಕ್ಕೆ 2400 ಸುತ್ತು ಓಡುವುದನ್ನು ನೋಡಬೇಕಾದರೆ ಪಂಪನ್ನು 1200ರಲ್ಲಿ ತಿರುಗಿಸಬೇಕು. ಇನ್ನೂರು ಸ್ಟ್ರೋಕ್ ಎಣಿಸಿ ನಿಲ್ಲಿಸಿದರೆ ಯಾವ ಕೊಳವೆಗೆ ಎಷ್ಟು ಬಿತ್ತು ಎಂದು ಓದಬಹುದು. ಸಿಲಿಂಡರಿಗೆ ಸುಮಾರು ಒಂದು ಲೀಟರ್ ಗಾತ್ರವಿರುವ, ಟರ್ಬೊ ಇಲ್ಲದ ಇಂಜಿನ್ನಾದರೆ ಪೂರ್ತಿ ಲೋಡಿನಲ್ಲಿ ಪ್ರತಿ ಹೊಡೆತಕ್ಕೆ 60 ಘನ ಮಿಲಿಮೀಟರ್ ಆಸುಪಾಸು, ಅಂದರೆ ಇನ್ನೂರು ಸ್ಟ್ರೋಕಿಗೆ 12 ಸಿಸಿ. ಐಡ್ಲಿಂಗ್‌ನಲ್ಲಿ ಎರಡು ಸಿಸಿ ಬಿದ್ದರೆ ಹೆಚ್ಚು.

ಮೇಸ್ತ್ರಿ ನನಗೆ ಹೇಳಿಕೊಟ್ಟಿದ್ದರಲ್ಲಿ ನಾನು ಇವತ್ತಿಗೂ ಎಲ್ಲಕ್ಕಿಂತ ಮೇಲಿಡುವುದು ಈ ಎರಡು ಅಂಕಿಗಳ ನಡುವಿನ ಅಂತರವನ್ನು. ಒಂದು ಎಲಿಮೆಂಟು ಸವೆದು ಒಂದು ಘನ ಮಿಲಿಮೀಟರ್ ಕಡಿಮೆ ಕೊಡುತ್ತಿದೆ ಅಂತಿಟ್ಟುಕೊಳ್ಳಿ. ಅರವತ್ತರಲ್ಲಿ ಒಂದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಲೋಡು ಹೊತ್ತು ಕಿರುಚುತ್ತಿರುವ ಇಂಜಿನ್ನಿನ ಸದ್ದಿನಲ್ಲಿ ಆ ಕೊರತೆ ಮುಳುಗಿಹೋಗುತ್ತದೆ. ಅದೇ ಒಂದು, ಐಡ್ಲಿಂಗ್‌ನ ಹತ್ತರಲ್ಲಿ ಹೋದರೆ ಆ ಸಿಲಿಂಡರ್ ಕುಂಟುತ್ತದೆ, ಕ್ಯಾಬಿನ್ನು ನಡುಗುತ್ತದೆ, ಗೇರ್ ಲಿವರ್ ಬಡಬಡ ಅನ್ನುತ್ತದೆ. ಪಂಪಿನ ಕಾಯಿಲೆ ಏನಿದ್ದರೂ ಮೊದಲು ಹೊರಗೆ ಬರುವುದು ಅದು ಸುಮ್ಮನೆ ನಿಂತು ಓಡುವಾಗ. ಹಾಗಾಗಿ ಯಾವ ಗಾಡಿ ಬಂದರೂ ಮೇಸ್ತ್ರಿ ರೇಸ್ ಮಾಡಿಸುತ್ತಿರಲಿಲ್ಲ. “ಸ್ಲೋನಲ್ಲಿ ಬಿಡು, ಸುಮ್ನೆ ನಿಂತ್ಕೋ” ಅಂದು ಬೀಡಿ ಹಚ್ಚುತ್ತಿದ್ದರು. ಬೀಡಿ ಮುಗಿಯುವಷ್ಟರಲ್ಲಿ ಯಾವ ಸಿಲಿಂಡರು ಎಂದು ಹೇಳಿರುತ್ತಿದ್ದರು. ನನಗೆ ಅಷ್ಟು ಕಿವಿ ಬರಲಿಲ್ಲ. ನಾನು ನಾಝಲ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡುತ್ತಿದ್ದೆ. ಚೆನ್ನಾಗಿರುವ ಸಿಲಿಂಡರಿನದು ಸಡಿಲಿಸಿದರೆ ಇಂಜಿನ್ನು ಕುಸಿಯುತ್ತದೆ. ಸಡಿಲಿಸಿಯೂ ಸದ್ದು ಬದಲಾಗದಿದ್ದರೆ ಅದೇ ಕಳ್ಳ.

ಗೌರ್ನರಿನ ವಿಷಯದಲ್ಲೂ ಹಾಗೇ. ಜಾತ್ರೆಯ ತಿರುಗುವ ತೊಟ್ಟಿಲು ಜೋರಾದಂತೆ ಕುರ್ಚಿಗಳು ಹೊರಕ್ಕೆ ಹಾರುವಂತೆ, ಗೌರ್ನರಿನೊಳಗೆ ಎರಡು ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು ಸ್ಪ್ರಿಂಗನ್ನು ತಳ್ಳಿ, ಡೀಸೆಲ್ ಅಳತೆ ಬದಲಿಸುವ ಸರಳನ್ನು, ಅಂದರೆ ರ್‍ಯಾಕನ್ನು ಡೀಸೆಲ್ ಕಡಿಮೆಯಾಗುವ ಕಡೆಗೆ ಎಳೆಯುತ್ತವೆ. ಆದರೆ ಈ ಬಲ ವೇಗದ ವರ್ಗದಂತೆ ಹೆಚ್ಚುತ್ತದೆ. 2400ರಲ್ಲಿ ಇರುವ ಬಲದ ಹದಿನಾರನೇ ಒಂದು ಪಾಲು ಮಾತ್ರ 600ರಲ್ಲಿ. ಮೇಲಿನ ವೇಗದಲ್ಲಿ ಗೌರ್ನರು ಲಿವರುಗಳ ಬಿಗಿತವನ್ನೂ ತುಕ್ಕನ್ನೂ ಲೆಕ್ಕಿಸದೆ ತಳ್ಳಿಕೊಂಡು ಹೋಗುತ್ತದೆ. ಐಡ್ಲಿಂಗ್‌ನಲ್ಲಿ ಒಂದು ಪಿನ್ ಸ್ವಲ್ಪ ಒಣಗಿದ್ದರೂ ತಡವರಿಸುತ್ತದೆ. ಇಂಜಿನ್ನು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹಂಟಿಂಗ್ ಅಂತಾರೆ ಅದಕ್ಕೆ. ಗೊತ್ತಿಲ್ಲದವರು ಐಡ್ಲಿಂಗ್ ಸ್ಕ್ರೂ ಒಳಗೆ ಕೊಟ್ಟು ವೇಗ ಹೆಚ್ಚಿಸುತ್ತಾರೆ. ಹಂಟಿಂಗ್ ಮುಚ್ಚಿಹೋಗುತ್ತದೆ, ರೋಗ ಹಾಗೇ ಇರುತ್ತದೆ. ಗೇರು ಹಾಕುವಾಗ ಕರಕರ ಸದ್ದು, ನಿಂತಲ್ಲೇ ಡೀಸೆಲ್ ನಷ್ಟ. ತೀರಾ ಕೆಳಗೆ ಇಳಿಸಿದರೆ ಅದೂ ಆಗದು. ಆಯಿಲ್ ಪ್ರೆಶರ್ ಬೀಳುತ್ತದೆ, ಬ್ರೇಕಿನ ಏರ್ ನಿಧಾನಕ್ಕೆ ತುಂಬುತ್ತದೆ.

ಆದ್ದರಿಂದ ಐಡ್ಲಿಂಗ್ ಸೆಟ್ ಮಾಡುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಇಂಜಿನ್ನು ಚೆನ್ನಾಗಿ ಬಿಸಿಯಾಗಬೇಕು. ಏರ್ ಪೂರ್ತಿ ತೆಗೆದಿರಬೇಕು. ಫಿಲ್ಟರು, ನಾಝಲ್, ಟ್ಯಾಪೆಟ್, ಟೈಮಿಂಗ್ ಸರಿಯಿರಬೇಕು. ಆಮೇಲೆ ಲಾಕ್‌ನಟ್ ಸಡಿಲಿಸಿ ಕಾಲು ಸುತ್ತು, ಒಮ್ಮೆ ರೇಸ್ ಮಾಡಿ ಬಿಡುವುದು, ಇಳಿದು ಎಲ್ಲಿ ನಿಲ್ಲುತ್ತದೆ ನೋಡುವುದು. ಬಿಟ್ಟ ತಕ್ಷಣ ಸತ್ತೇ ಹೋಗುವಂತೆ ಕೆಳಗಿಳಿದು ಆಮೇಲೆ ಚೇತರಿಸಿಕೊಂಡರೆ ಐಡ್ಲಿಂಗ್ ಸ್ಪ್ರಿಂಗ್ ನೋಡಬೇಕು. ನೇರ ಬಂದು ಕೂತರೆ ಲಾಕ್‌ನಟ್ ಬಿಗಿ. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಅದಕ್ಕೆ ಯಾರೂ ಬೇರೆ ಕಾಸು ಕೊಡುತ್ತಿರಲಿಲ್ಲ.

ಕಾಸು ಕೊಡುತ್ತಿದ್ದದ್ದು ಇನ್ನೊಂದು ಸ್ಕ್ರೂಗೆ.

ಮಂಗಳೂರಿನಿಂದ ಹೆಂಚು, ಗೊಬ್ಬರ, ಮೀನು, ಮರದ ದಿಮ್ಮಿ ಹೊತ್ತ ಲಾರಿಗಳು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿ, ಮಾರನಹಳ್ಳಿ, ದೋಣಿಗಾಲ್ ಮೇಲೆ ಸಕಲೇಶಪುರಕ್ಕೆ ಬರುತ್ತಿದ್ದವು. ಆಗ ಅದು ರಾಷ್ಟ್ರೀಯ ಹೆದ್ದಾರಿ 48, ಈಗ 75. ಘಾಟಿ ಹತ್ತಿ ಬಂದ ಡ್ರೈವರುಗಳ ದೂರು ಒಂದೇ: “ಗಾಡಿ ಎಳೀತಿಲ್ಲ ಮೇಸ್ತ್ರಿ, ಪಂಪು ಒಂಚೂರು ಏರ್ಸಿ.” ನಮ್ಮಲ್ಲಿ ಮೊದಲು ಮಾಡುತ್ತಿದ್ದ ಪರೀಕ್ಷೆಗೆ ಬೆಂಚೂ ಬೇಕಿರಲಿಲ್ಲ, ಸ್ಪ್ಯಾನರೂ ಬೇಕಿರಲಿಲ್ಲ. ಒಬ್ಬ ಕ್ಯಾಬಿನ್ನಿನಲ್ಲಿ ಕೂತು ಆಕ್ಸಿಲರೇಟರ್ ಪೂರ್ತಿ ತುಳಿಯುವುದು, ಇನ್ನೊಬ್ಬ ಕೆಳಗೆ ಪಂಪಿನ ಲಿವರ್ ಕೊನೆಯ ಸ್ಟಾಪಿಗೆ ತಾಗುತ್ತಿದೆಯೇ ನೋಡುವುದು. ಎಷ್ಟೋ ಸಲ ತಾಗುತ್ತಿರಲಿಲ್ಲ. ರಾಡು ಸವೆದಿರುತ್ತಿತ್ತು, ಇಲ್ಲವೇ ಪೆಡಲ್ ಕೆಳಗೆ ಹೊಸದಾಗಿ ಹಾಕಿಸಿದ ದಪ್ಪ ರಬ್ಬರ್ ಮ್ಯಾಟು. ಒಬ್ಬ ಡ್ರೈವರು ತಿಂಗಳುಗಟ್ಟಲೆ ಎರಡು ಮೂರು ಊರಿನ ಮೆಕ್ಯಾನಿಕ್ಕುಗಳ ಹತ್ತಿರ ಹೋಗಿ ಬಂದಿದ್ದ. ಮೇಸ್ತ್ರಿ ಮ್ಯಾಟನ್ನು ಎಳೆದು ಅವನ ಕೈಗೆ ಕೊಟ್ಟು, “ಇದ್ನ ಮನೇಲಿ ಬಾಗ್ಲಿಗೆ ಹಾಕ್ಕೋ ಹೋಗು” ಅಂದರು. ಅವನಿಗೆ ಸಿಟ್ಟು ಬಂತು. ಅಷ್ಟು ದೂರದಿಂದ ಬಂದವನಿಗೆ ಸ್ಕ್ರೂ ತಿರುಗಿಸದೆ ಕಳಿಸಿದರೆ ರಿಪೇರಿ ಆಗಿಲ್ಲವೆಂದೇ ಅನಿಸುತ್ತದೆ.

ನಿಜವಾಗಿ ಏರಿಸಬೇಕು ಎನ್ನುವವರಿಗೆ ಮೇಸ್ತ್ರಿ ಗಾಳಿಯ ಲೆಕ್ಕ ಹೇಳುತ್ತಿದ್ದರು. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಗೆ ಬಾಗಿಲಿದೆ. ಡೀಸೆಲ್ ಇಂಜಿನ್ನು ಹಾಗಲ್ಲ, ಪ್ರತಿ ಸಲವೂ ಹಿಡಿಸುವಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ. ನಾವು ಹೆಚ್ಚುಕಡಿಮೆ ಮಾಡುವುದು ಡೀಸೆಲ್ ಒಂದನ್ನೇ. ಒಂದು ಕಿಲೋ ಡೀಸೆಲ್ ಸುಡಲು ಲೆಕ್ಕಕ್ಕೆ ಹದಿನಾಲ್ಕೂವರೆ ಕಿಲೋ ಗಾಳಿ ಸಾಕು. ಆದರೆ ಸಿಲಿಂಡರಿನ ಮೂಲೆಮೂಲೆಯ ಗಾಳಿಗೆಲ್ಲ ಡೀಸೆಲ್ ತಲುಪಲು ಸಮಯವಿಲ್ಲದ್ದರಿಂದ ಹತ್ತಿರ ಹತ್ತಿರ ಇಪ್ಪತ್ತು ಕಿಲೋ ಇದ್ದರೇ ಹೊಗೆಯಿಲ್ಲದೆ ಉರಿಯುವುದು. ಫುಲ್‌ಲೋಡ್ ಸ್ಕ್ರೂವನ್ನು ಕಾರ್ಖಾನೆಯವರು ನಿಲ್ಲಿಸಿರುವುದು ಆ ಗಡಿಯ ಹತ್ತಿರವೇ. ಅಲ್ಲಿಂದ ಮುಂದೆ ಅರ್ಧ ಸುತ್ತು ಕೊಟ್ಟರೆ ಸ್ವಲ್ಪ ಎಳೆತ ಬರುವುದೂ ನಿಜ. ಡ್ರೈವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ಬಂದ ಎಳೆತಕ್ಕಿಂತ ಹೋದ ಡೀಸೆಲ್ ಹೆಚ್ಚು. ಉಳಿದದ್ದು ಕರಿ ಹೊಗೆಯಾಗಿ ಹಿಂದೆ ಬರುವ ಬಸ್ಸಿನವರ ಮುಖಕ್ಕೆ. ಪಿಸ್ಟನ್ ತಲೆ ಬಿಸಿಯಾಗುತ್ತದೆ, ವಾಲ್ವ್ ಸುಡುತ್ತದೆ, ಆಯಿಲ್ ಬೇಗ ಕಪ್ಪಾಗುತ್ತದೆ.

ಘಾಟಿಯದು ಇನ್ನೊಂದು ತಮಾಷೆ. ಸಮುದ್ರದ ಮಟ್ಟದಿಂದ ಹೊರಟ ಗಾಡಿ ಸಕಲೇಶಪುರಕ್ಕೆ ಬರುವಷ್ಟರಲ್ಲಿ 900 ಮೀಟರಿನಷ್ಟು ಮೇಲೇರಿರುತ್ತದೆ. ಅಲ್ಲಿ ಗಾಳಿಯ ಒತ್ತಡ ಶೇಕಡಾ 10ರಷ್ಟು ಕಡಿಮೆ. ಗಾಳಿ ತೆಳುವಾಗಿದೆ ಎಂದು ನಮ್ಮ ಪಂಪಿಗೆ ಗೊತ್ತಿಲ್ಲ, ಅದು ಮಂಗಳೂರಿನಲ್ಲಿ ಕೊಟ್ಟಷ್ಟೇ ಡೀಸೆಲ್ಲನ್ನು ಇಲ್ಲೂ ಕೊಡುತ್ತದೆ. ಹಾಗಾಗಿ ಕೆಳಗೆ ತಿಳಿಯಾಗಿ ಓಡುತ್ತಿದ್ದ ಗಾಡಿ ಮೇಲೆ ಹೊಗೆ ಕಾರುತ್ತದೆ. ಮೇಲಿನ ಊರಿನಲ್ಲಿ ಎಳೆತ ಕಡಿಮೆಯಾಯಿತೆಂದು ಡೀಸೆಲ್ ಏರಿಸುವುದು ತಿರುಗುಮುರುಗಿನ ಔಷಧ. ಇದನ್ನು ನಾನು ಎಷ್ಟೋ ಡ್ರೈವರುಗಳಿಗೆ ವಿವರಿಸಿದ್ದೇನೆ. ಎಲ್ಲರೂ ಗಮನವಿಟ್ಟು ಕೇಳಿ, ತಲೆಯಾಡಿಸಿ, “ಸರಿ, ಕಾಲು ಸುತ್ತು ಕೊಡಿ ಹಾಗಾದ್ರೆ” ಅನ್ನುತ್ತಿದ್ದರು.

ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆ, ಬಂತೆಂದರೆ ಅದೇ ಗಿರಾಕಿಗಳು ಉಲ್ಟಾ ಹಾಡುತ್ತಿದ್ದರು. ಹೊಗೆ ಪರೀಕ್ಷೆಯ ಯಂತ್ರ ಬಂದಮೇಲೆ 65 ಹಾರ್ಟ್‌ರಿಡ್ಜ್ ದಾಟಿದರೆ ಸರ್ಟಿಫಿಕೇಟ್ ಸಿಗುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಬಂದು ಇಳಿಸಿಕೊಂಡು, ಕಾಗದ ಕೈಗೆ ಬಂದ ಸಂಜೆಗೇ ಏರಿಸಿಕೊಂಡು ಹೋಗುವುದು. ಎರಡಕ್ಕೂ ಕೂಲಿ. ಇಳಿಸಿದ ಆ ಒಂದೆರಡು ದಿನ ಮೈಲೇಜ್ ಚೆನ್ನಾಗಿತ್ತಲ್ಲ ಎಂದು ಹಾಗೇ ಬಿಟ್ಟವರು ಬೆರಳೆಣಿಕೆಯಷ್ಟು. ಅವರೆಲ್ಲ ಸ್ವಂತ ಗಾಡಿ, ಸ್ವಂತ ಡ್ರೈವಿಂಗ್‌ನವರು.

ಜನವರಿ ಬಂತೆಂದರೆ ನಮ್ಮ ಪಂಪ್ ರೂಮಿನ ಬಣ್ಣ ಬದಲಾಗುತ್ತಿತ್ತು. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಿಂದ ಸ್ಪ್ರಿಂಕ್ಲರಿನ ಇಂಜಿನ್ನುಗಳ ಪಂಪು ಬರಲು ಶುರು. ರೊಬಸ್ಟಾಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬೇಕು. ಮೇಲಿನಿಂದ ಬಾರದಿದ್ದರೆ ಹಳ್ಳದಿಂದ ಎತ್ತಿ ಸುರಿಯಬೇಕು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ, ಇಪ್ಪತ್ತು ದಿನದ ಸುಮಾರಿಗೆ ಮತ್ತೊಂದು ನೀರು. ಆ ದಿನಗಳಲ್ಲಿ ಇಂಜಿನ್ನು ಕೈಕೊಟ್ಟರೆ ವರ್ಷದ ಫಸಲೇ ಕೈಕೊಟ್ಟ ಹಾಗೆ. ಮಿಕ್ಕ ಎಂಟೊಂಬತ್ತು ತಿಂಗಳು ಅದನ್ನು ತಿರುಗಿ ನೋಡುವವರಿಲ್ಲ. ಮಲೆನಾಡಿನ ಮಳೆಗಾಲವನ್ನು ಶೆಡ್ಡಿನ ಮೂಲೆಯಲ್ಲಿ ಕಳೆದ ಪಂಪಿನಲ್ಲಿ ಡೀಸೆಲ್ ಅಂಟಾಗಿ, ನೀರಿನ ಪಸೆ ಸೇರಿ ಪ್ಲಂಜರ್, ರ್‍ಯಾಕ್ ಎಲ್ಲ ಹಿಡಿದುಕೊಂಡಿರುತ್ತಿದ್ದವು.

ಹಾಗೆ ಹಿಡಿದುಕೊಂಡ ಒಂದು ಇಂಜಿನ್ನನ್ನು ತೋಟದಲ್ಲೇ ನೋಡಲು ಮೇಸ್ತ್ರಿಯ ಜೊತೆ ಹೋಗಿದ್ದೆ. ನಾವು ಬರುವ ಮೊದಲೇ ಯಾರೋ ಸೀಮೆಎಣ್ಣೆ ಬಿಟ್ಟು, ತಟ್ಟಿ ಕುಟ್ಟಿ ಸಡಿಲ ಮಾಡಿದ್ದರು. ಸ್ಟಾರ್ಟ್ ಆಯಿತು. ಆಯಿಲ್‌ಬಾತ್ ಏರ್ ಕ್ಲೀನರು ಕೆಸರು ತುಂಬಿತ್ತೆಂದು ಬಿಚ್ಚಿಟ್ಟಿದ್ದೆವು. ಸ್ವಲ್ಪ ಹೊತ್ತು ಸ್ಲೋನಲ್ಲಿ ಬಿಟ್ಟು, ಮೇಸ್ತ್ರಿ ಲಿವರನ್ನು ಒಮ್ಮೆ ಮುಂದಕ್ಕೊತ್ತಿ ಬಿಟ್ಟರು. ಇಂಜಿನ್ನು ಇಳಿಯಲಿಲ್ಲ. ರ್‍ಯಾಕು ಫುಲ್ಲಿನಲ್ಲಿ ಸಿಕ್ಕಿಕೊಂಡಿತ್ತು. ನೀರೆತ್ತುವ ಪಂಪಿಗೆ ಪ್ರೈಮಿಂಗ್ ಇಲ್ಲ, ಅಂದರೆ ಮೇಲೆ ಲೋಡೂ ಇಲ್ಲ. ಸದ್ದು ಒಂದೇ ಸಮ ಏರತೊಡಗಿತು. ಸ್ಟಾಪ್ ಲಿವರ್ ಎಳೆದರೆ ಅದೂ ಆ ರ್‍ಯಾಕನ್ನೇ ತಾನೇ ಎಳೆಯಬೇಕು, ಕದಲಲಿಲ್ಲ. ಆಳುಗಳೆಲ್ಲ ಶೆಡ್ಡಿನಿಂದ ಹೊರಗೆ ಓಡಿದರು. ನಾನು ಗೋಣಿಚೀಲಕ್ಕೆ ಕೈ ಹಾಕಿದೆ. ಮೇಸ್ತ್ರಿ ನನ್ನನ್ನು ತಳ್ಳಿ, ತೋಟದ ಲೆಕ್ಕ ಬರೆಯುವ ರೈಟರ ಕಂಕುಳಲ್ಲಿದ್ದ ದಪ್ಪ ರಟ್ಟಿನ ಚೆಕ್‌ರೋಲ್ ಪುಸ್ತಕವನ್ನು ಕಿತ್ತುಕೊಂಡು ಗಾಳಿ ಎಳೆಯುವ ಬಾಯಿಗೆ ಅಡ್ಡ ಒತ್ತಿದರು. ಗಾಳಿಯಿಲ್ಲದೆ ಇಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಗೋಣಿಯಾಗಿದ್ದರೆ ಒಳಗೆ ಎಳೆದುಕೊಂಡುಬಿಡುತ್ತಿತ್ತು ಎಂದು ಆಮೇಲೆ ಹೇಳಿದರು.

ರೈಟರಿಗೆ ಇಂಜಿನ್ನು ಉಳಿದದ್ದಕ್ಕಿಂತ ಪುಸ್ತಕದ ರಟ್ಟು ಗುಂಡಗೆ ಒಳಕ್ಕೆ ಹೋದದ್ದೇ ದೊಡ್ಡದಾಯಿತು. “ವಾರದ ಬಟವಾಡೆ ಇದ್ರಲ್ಲಿದೆ ಕಣ್ರೀ ಮೇಸ್ತ್ರಿ, ಸಾಹುಕಾರ್ರಿಗೆ ಏನ್ ಹೇಳ್ಲಿ?” ಅಂತ ಊಟದ ಹೊತ್ತಿನವರೆಗೂ ಗೊಣಗುತ್ತಿದ್ದರು.

ಪಂಪು ಬಿಚ್ಚಿ ಹಾಸನಕ್ಕೆ ತಂದೆವು. ಬೆಂಚಿನ ಮೇಲಿಟ್ಟಾಗ ಇನ್ನೊಂದು ವಿಷಯ ಗೊತ್ತಾಯಿತು: ಅದರ ಸೀಲು ಕಡಿದು ಮ್ಯಾಕ್ಸಿಮಮ್ ಸ್ಪೀಡ್ ಸ್ಕ್ರೂವನ್ನು ಹೊರಕ್ಕೆ ತೆಗೆದಿದ್ದರು. 1500ಕ್ಕೆ ನಿಲ್ಲಬೇಕಾದ ಇಂಜಿನ್ನು 1650ರವರೆಗೆ ಹೋಗುವಂತಿತ್ತು. ಗುಡ್ಡದ ತುದಿಯ ಸ್ಪ್ರಿಂಕ್ಲರುಗಳಿಗೆ ನೀರು ಸರಿಯಾಗಿ ಹಾರುತ್ತಿರಲಿಲ್ಲವಂತೆ. ನಾವು 1500ಕ್ಕೆ ಸೆಟ್ ಮಾಡಿ, ಹೊಸ ತಂತಿ ಹಾಕಿ ಕಳಿಸಿದೆವು. ಎರಡೇ ದಿನಕ್ಕೆ ರೈಟರು ಬಸ್ಸಿಳಿದು ಬಂದರು.

“ಮೇಲ್ಗಡೆ ಬ್ಲಾಕಿಗೆ ನೀರೇ ಹತ್ತಲ್ಲ ಅಂತಾರೆ ಸಾಹುಕಾರ್ರು. ಮೊದ್ಲು ಹೆಂಗಿತ್ತೋ ಹಂಗೇ ಮಾಡ್ಬೇಕಂತೆ.”

ಮೇಸ್ತ್ರಿ ನನ್ನ ಕಡೆ ನೋಡಿದರು. ಲೆಕ್ಕ ಹೇಳುವ ಪಾಳಿ ಬಂದಾಗಲೆಲ್ಲ ಐಟಿಐ ಓದಿದ ನಾನು ಮುಂದೆ. ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪಿನ ನಿಯಮ ನನಗೆ ಬಾಯಿಪಾಠವಿತ್ತು. ವೇಗ ಶೇಕಡಾ 10 ಹೆಚ್ಚಿಸಿದರೆ ನೀರು ಸುಮಾರು ಶೇಕಡಾ 10 ಹೆಚ್ಚುತ್ತದೆ, ಒತ್ತಡ 21, ಆದರೆ ಇಂಜಿನ್ನಿನ ಮೇಲಿನ ಲೋಡು 33. ಲೋಡು ಹೊರಲಾರದೆ ಗೌರ್ನರು ಫುಲ್ ಡೀಸೆಲ್ ಕೊಡುತ್ತದೆ, ಕರಿ ಹೊಗೆ ಬರುತ್ತದೆ. ಆಗ ಎಳೆತ ಸಾಲದೆಂದು ಇನ್ನೊಂದು ಸೀಲು ಕಡಿಯುತ್ತಾರೆ. ವೇಗದ ಸ್ಕ್ರೂ ಬೇರೆ, ಡೀಸೆಲ್ ಪ್ರಮಾಣದ ಸ್ಕ್ರೂ ಬೇರೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಒಂದನ್ನು ತಿರುಗಿಸಿದ ಪಾಪಕ್ಕೆ ಇನ್ನೊಂದನ್ನೂ ತಿರುಗಿಸುತ್ತಿದ್ದರು.

ರೈಟರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಅಂಗೈ ಮೇಲೆ ಬರೆದುಕೊಂಡರು. ಮೂವತ್ತಮೂರು ಅನ್ನುವುದು ಅವರಿಗೆ ಹಿಡಿಸಿತು. ತಿಂಗಳಿಗೆ ಎಷ್ಟು ಬ್ಯಾರೆಲ್ ಡೀಸೆಲ್ ಅನ್ನುವುದು ಅವರ ನಾಲಗೆಯ ತುದಿಯಲ್ಲೇ ಇತ್ತು.

ಮೇಸ್ತ್ರಿ ಕೇಳಿದರು: “ಮೇಲಿನ ಲೈನಲ್ಲಿ ಒಂದ್ ಸಲಕ್ಕೆ ಎಷ್ಟು ಸ್ಪ್ರಿಂಕ್ಲರ್ ಬಿಡ್ತೀರಿ?”

“ಕೆಳಗಿನಷ್ಟೇ.”

“ಎರಡು ಕಮ್ಮಿ ಮಾಡಿ. ಒತ್ತಡ ತಾನಾಗೇ ಬರುತ್ತೆ.”

“ಆಗ ಹೊತ್ತು ಜಾಸ್ತಿ ಹಿಡಿಯುತ್ತಲ್ಲ?”

“ಹಿಡೀಲಿ. ಹೊತ್ತಿಗೆ ದುಡ್ಡು ಕೊಡಲ್ವಲ್ಲ ನೀವು.”

“ಆಳಿಗೆ ಕೊಡ್ಬೇಕು ಮೇಸ್ತ್ರಿ, ಓವರ್‌ಟೈಮು” ಅಂದರು ರೈಟರು. ಮೇಸ್ತ್ರಿಯ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ನನ್ನ ಹತ್ತಿರವೂ.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಎಲ್ಲ ನಾಝಲ್ಲಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಬಂತು. ಹೊಗೆಯ ನಿಯಮಗಳಲ್ಲಿ ಬಿಎಸ್ 4 ದೇಶಕ್ಕೆಲ್ಲ 2017ರಲ್ಲಿ, ಬಿಎಸ್ 6 2020ರಲ್ಲಿ. ನಮ್ಮ ಕಾಲದ ನಾಝಲ್ ತೆರೆಯುತ್ತಿದ್ದದ್ದು 200 ಬಾರ್ ಆಸುಪಾಸಿನಲ್ಲಿ, ಈಗ ರೈಲಿನೊಳಗೆ ಸಾವಿರದ ಮೇಲೆ ಎಷ್ಟೋ. ಐಡ್ಲಿಂಗ್ ಸ್ಕ್ರೂ ಇಲ್ಲ, ಇಸಿಎಂ ಎಂಬ ಇಂಜಿನ್ನಿನ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಎಸಿ ಹಾಕಿದರೆ ತಾನೇ ಏರಿಸುತ್ತದೆ, ಒಂದು ಸಿಲಿಂಡರು ಕುಂಟಿದರೆ ಅದಕ್ಕಷ್ಟೇ ಸ್ವಲ್ಪ ಹೆಚ್ಚು ಡೀಸೆಲ್ ಕೊಟ್ಟು ಸರಿದೂಗಿಸುತ್ತದೆ. ನಮ್ಮ ಮೇಸ್ತ್ರಿ ಒಂದು ಬೀಡಿಯ ಹೊತ್ತಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಪ್ರತಿ ಸುತ್ತಿನಲ್ಲೂ ಮಾಡುತ್ತದೆ ಎಂದು ನಾನು ಮೆಚ್ಚಿಕೊಂಡೇ ಹೇಳುತ್ತೇನೆ. ಸೀಲು ಕಡಿಯುವವರು ಮಾತ್ರ ಎಲ್ಲೂ ಹೋಗಿಲ್ಲ. ಈಗ ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ, ರಿಮ್ಯಾಪ್ ಅನ್ನುತ್ತಾರೆ, ಹೊಗೆ ಅದೇ ಬಣ್ಣದ್ದು.

ಆ ತೋಟದವರು ಕೊನೆಗೆ ಮೇಲಿನ ಲೈನಿನಲ್ಲಿ ಎರಡು ಸ್ಪ್ರಿಂಕ್ಲರ್ ಕಿತ್ತು ಮುಚ್ಚಳ ಹಾಕಿದರು. ಮುಂದಿನ ಜನವರಿಯಲ್ಲಿ ಪಂಪು ಸರ್ವಿಸಿಗೆ ಬಂದಾಗ ನಾನು ಮೊದಲು ನೋಡಿದ್ದು ತಂತಿಯನ್ನು. ವೇಗದ ಸ್ಕ್ರೂವಿನ ಸೀಲು ಹಾಗೇ ಇತ್ತು. ಡೀಸೆಲ್ ಸ್ಕ್ರೂವಿನದು ಕಡಿದಿತ್ತು. ರೈಟರನ್ನು ಕೇಳಿದರೆ, “ಅದು ನಾವಲ್ಲ, ಹಳ್ಳದಾಚೆ ತೋಟದೋರು ನಾಲ್ಕು ದಿನ ಎರವಲು ತಗೊಂಡ್‌ಹೋಗಿದ್ರು” ಅಂದರು. ಆ ವಾರದಲ್ಲೇ ಹಳ್ಳದಾಚೆ ತೋಟದ ರೈಟರೂ ಒಂದು ಪಂಪು ತಂದರು. ಅದರ ಸೀಲೂ ಕಡಿದಿತ್ತು, ಅವರೂ ಅದೇ ಮಾತು ಹೇಳಿದರು. ಮೇಸ್ತ್ರಿ ಇಬ್ಬರ ಬಿಲ್ಲಿಗೂ ಸೀಲಿನ ಕೂಲಿ ಸೇರಿಸಿದರು.